ಐದು ಗ್ಲಾಸು, ನಾಲ್ಕು ಜನ: ಕ್ರಾಫ್ಟ್ ಬಿಯರ್ ರುಚಿಗೆ ಕನ್ನಡದಲ್ಲಿ ಏನು ಹೇಳ್ತೀರಿ?

ನಾಲ್ಕನೇ ಬ್ಲಾಕ್

ಹೋದ ಶನಿವಾರ ಮಧ್ಯಾಹ್ನ ನಾವು ನಾಲ್ಕು ಜನ ಗೆಳೆಯರು ಬೆಂಗಳೂರಿನಲ್ಲಿ ಬಿಯರನ್ನು ತಾವೇ ತಯಾರಿಸಿ ಕೊಡುವ ಒಂದು ಬ್ರೂಪಬ್‌ನಲ್ಲಿ ಕೂತಿದ್ದೆವು. ಬೇಕು ಅಂತಲೇ ಹನ್ನೆರಡು ಗಂಟೆಗೆ ಹೋಗಿದ್ದೆವು. ಸಂಜೆಯಾದರೆ ಹಾಡು ಜೋರು, ಪಕ್ಕದಲ್ಲಿ ಕೂತವನ ಮಾತೇ ಕೇಳುವುದಿಲ್ಲ.

ಈ ಸಲ ಎರಡು ನಿಯಮ ಮಾಡಿಕೊಂಡಿದ್ದೆವು. ಒಂದು, ಯಾರೂ ಮೆನು ನೋಡಬಾರದು. ಐದು ಬಗೆಯ ಬಿಯರ್ ಸಣ್ಣ ಗ್ಲಾಸಿನಲ್ಲಿ ಬರುತ್ತದೆ, ಅಡಿಯಲ್ಲಿ ನಂಬರ್ ಚೀಟಿ. ಹೆಸರು ಕೊನೆಗೆ. ಇನ್ನೊಂದು, ರುಚಿ ಹೇಳುವುದು ಕನ್ನಡದಲ್ಲೇ. ಫ್ರೂಟಿ, ಸ್ಮೂತ್, ಕ್ರಿಸ್ಪ್ ಅನ್ನುವ ಹಾಗಿಲ್ಲ. ಈ ಮೂರು ಮಾತಿನಲ್ಲೇ ನಾವು ಎಷ್ಟೋ ವರ್ಷ ಕಳೆದಿದ್ದೇವೆ. ಆ ವರ್ಷಗಳಲ್ಲಿ ಕುಡಿದ ಒಂದು ಬಿಯರಿನ ರುಚಿಯೂ ನನಗೆ ಈಗ ಬಿಡಿಸಿ ನೆನಪಿಲ್ಲ.

ನಮ್ಮಲ್ಲಿ ಒಬ್ಬ ಕುಡಿಯುವುದೇ ಇಲ್ಲ. ಚಿಕ್ಕಮಗಳೂರಿನಲ್ಲಿ ಕಾಫಿ ಕಪ್ಪಿಂಗ್, ಅಂದರೆ ಕಾಫಿಯ ವಾಸನೆ, ರುಚಿ ನೋಡಿ ಗುಣ ಹೇಳುವುದು, ಅವನ ಕೆಲಸ. ದಿನವೂ ಹತ್ತಾರು ಬಟ್ಟಲಿನ ಮೇಲೆ ಬಗ್ಗಿ ಮೂಸುವವನು. ಐದೂ ಗ್ಲಾಸನ್ನು ಬರೀ ಮೂಸಿ ನೋಡಿದ. ಎಲ್ಲರಿಗಿಂತ ಜಾಸ್ತಿ ಹಿಡಿದವನು ಅವನೇ.

ಒಂದನೇ ಗ್ಲಾಸು ಅಕ್ಕಿ ತೊಳೆದ ನೀರಿನ ಹಾಗೆ ಮಬ್ಬು, ನಿಂಬೆ ಬಣ್ಣ. ನಮಗೆ ಕಿತ್ತಳೆ ಸಿಪ್ಪೆ ಗೊತ್ತಾಯಿತು. ಅವನು, "ಸಾರಿನ ಪುಡಿಗೆ ಧನಿಯಾ ಹುರಿಯೋಕೆ ಮುಂಚೆ ಅಂಗೈಯಲ್ಲಿ ಉಜ್ಜಿ ನೋಡು, ಇದೇ ವಾಸನೆ" ಅಂದ. ಕೊನೆಗೆ ಹೆಸರು ಕೇಳಿದಾಗ ಬೆಲ್ಜಿಯಂ ಶೈಲಿಯ ವಿಟ್ ಬಿಯರ್, ಕೊತ್ತಂಬರಿ ಬೀಜ ಹಾಕಿದ್ದಾರೆ ಅಂದರು. ನನಗೆ ಮೈ ಜುಂ ಅಂದಿತು. ಆ ಬಿಯರನ್ನು ಎಷ್ಟು ಸಲ ಕುಡಿದಿದ್ದೇನೆ, ನಮ್ಮ ಒಗ್ಗರಣೆ ಡಬ್ಬಿಯ ಪಕ್ಕದ ಡಬ್ಬಿ ಅದರಲ್ಲಿದೆ ಅಂತ ಒಂದು ದಿನವೂ ಹೊಳೆದಿರಲಿಲ್ಲ.

ಎರಡನೇದು ಗೋಧಿ ಬಿಯರು, ಹೆಫೆವೈಝನ್. ಬಾಳೆಹಣ್ಣಿನ ವಾಸನೆ ಅಂತ ಎಲ್ಲರೂ ಒಪ್ಪಿದೆವು. ಯಾವ ಬಾಳೆ ಅನ್ನುವುದರ ಮೇಲೆ ಜಗಳ. ನಾನು ಏಲಕ್ಕಿ ಬಾಳೆ ಅಂದೆ, ಇನ್ನೊಬ್ಬ ಪಚ್ಚಬಾಳೆ ಅಂದ.

ಮೂರನೇದು ತಿಳಿ ಹೊಂಬಣ್ಣದ ಲಾಗರ್. ನೋಡಲು ಚೆಂದ. ಬಾಯಿಗಿಟ್ಟರೆ ಬೆಣ್ಣೆ. ನಾಲಿಗೆ ಮೇಲೆ ಜಿಡ್ಡು ಸವರಿದ ಹಾಗೆ.

ನಾಲ್ಕನೇದು ಐಪಿಎ. ಒಬ್ಬ ಕಹಿ ಅಂದ, ಇನ್ನೊಬ್ಬ ಕಹಿಯಲ್ಲ, ಒಗರು ಅಂದ. ಅರ್ಧ ಗಂಟೆ ಇದೇ ಮಾತು.

ಐದನೇದು ಕಪ್ಪು ಸ್ಟೌಟ್. ಕಾಫಿ ಗೆಳೆಯ ಗ್ಲಾಸನ್ನು ಮೂಗಿನಿಂದ ಇಳಿಸಲೇ ಇಲ್ಲ. "ಇದಕ್ಕೆ ಕಾಫಿ ಬೀಜ ಹಾಕಿದ್ದಾರಾ?" ಅಂತ ಕೇಳಿದ. ಇಲ್ಲವಂತೆ.

ಈಗ ನಿಮ್ಮನ್ನು ಕೇಳುತ್ತಿದ್ದೇನೆ. ಬಾಳೆ ಯಾವುದು? ಬೆಣ್ಣೆ ಎಲ್ಲಿಂದ ಬಂತು? ಕಹಿಯೋ ಒಗರೋ? ಕಾಫಿ ಹಾಕದೆ ಕಾಫಿ ವಾಸನೆ ಹೇಗೆ?

ಗಾಂಧಿಬಜಾರ್ ಸಂಜೆ

ಬೇಜಾರು ಮಾಡಿಕೊಳ್ಳಬೇಡಿ, ಮನಸ್ಸಿನಲ್ಲಿದ್ದದ್ದು ಹೇಳುತ್ತೇನೆ. ಬ್ರೂಪಬ್‌ನಲ್ಲಿ ಒಂದು ಪಿಂಟ್‌ಗೆ ಕೊಡುವ ದುಡ್ಡಿಗೆ ಅಂಗಡಿಯಲ್ಲಿ ಎರಡು ಬಾಟಲಿ ಬರುತ್ತದೆ. ಗೆಳೆಯರು ಸೇರುವುದು ಮುಖ್ಯ ಅಲ್ವಾ? ಗ್ಲಾಸಿಗೆ ಮೂಗು ಹಾಕಿಕೊಂಡು ಕೂತರೆ ಮಾತು ಯಾವಾಗ?

ಕೊಳಗ

ನಾನು ಬೆಂಗಳೂರಿನಲ್ಲೇ ಬ್ರೂವರ್ ಆಗಿ ಕೆಲಸ ಮಾಡುತ್ತೇನೆ. ಎಲ್ಲಿ ಅಂತ ಹೇಳುವುದಿಲ್ಲ, ನಮ್ಮ ಅಂಗಡಿಯ ಪ್ರಚಾರ ಆಗುವುದು ಬೇಡ.

ಬೆಣ್ಣೆಯಿಂದ ಶುರು ಮಾಡುತ್ತೇನೆ, ಯಾಕೆಂದರೆ ಅದು ತಪ್ಪು. ಅದರ ಹೆಸರು ಡೈಅಸಿಟೈಲ್. ಯೀಸ್ಟ್ ಸಕ್ಕರೆ ತಿಂದು ಆಲ್ಕೋಹಾಲ್ ಮಾಡುವಾಗ ಇದು ಸಹಜವಾಗಿ ಹುಟ್ಟುತ್ತದೆ. ಸಮಯ ಕೊಟ್ಟರೆ ಅದೇ ಯೀಸ್ಟ್ ಇದನ್ನು ವಾಪಸ್ ತಿಂದುಹಾಕುತ್ತದೆ. ಲಾಗರ್ ತಣ್ಣಗಿನ ಬಿಯರ್, 10 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಹುದುಗುತ್ತದೆ. ಚಳಿಯಲ್ಲಿ ಯೀಸ್ಟ್ ನಿಧಾನ. ಹಾಗಾಗಿ ಕೊನೆ ಕೊನೆಗೆ ಟ್ಯಾಂಕನ್ನು 16-18 ಡಿಗ್ರಿಗೆ ಏರಿಸಿ ಎರಡು ಮೂರು ದಿನ ಬಿಡುತ್ತೇವೆ. ಆಮೇಲೆ ಮತ್ತೆ ತಣ್ಣಗೆ ಮಾಡಿ ವಾರಗಟ್ಟಲೆ ಮಲಗಿಸುತ್ತೇವೆ. ಆತುರಕ್ಕೆ ಆ ಎರಡು ದಿನ ತಪ್ಪಿಸಿದರೆ ಬೆಣ್ಣೆ ಉಳಿಯುತ್ತದೆ. ಟ್ಯಾಂಕ್‌ನಿಂದ ನಲ್ಲಿಗೆ ಬರುವ ಪೈಪು ತೊಳೆಯದಿದ್ದರೂ ಬ್ಯಾಕ್ಟೀರಿಯಾ ಸೇರಿ ಇದೇ ವಾಸನೆ ಬರುತ್ತದೆ. ನಿಮ್ಮ ಗ್ಲಾಸಿನಲ್ಲಿ ಎರಡರಲ್ಲಿ ಯಾವುದು ಅಂತ ಇಲ್ಲಿಂದ ಹೇಳಲಾಗುವುದಿಲ್ಲ.

ನಾವು ಮಾಡುವ ಪರೀಕ್ಷೆ ಸುಲಭ. ಟ್ಯಾಂಕ್‌ನಿಂದ ಎರಡು ಮಾದರಿ ತೆಗೆದು ಮುಚ್ಚಿಡುತ್ತೇವೆ. ಒಂದನ್ನು ಸುಮಾರು 60 ಡಿಗ್ರಿ ಬಿಸಿನೀರಿನಲ್ಲಿ ಅರ್ಧ ಗಂಟೆ ಇಡುತ್ತೇವೆ, ಇನ್ನೊಂದು ಹಾಗೇ. ಆಮೇಲೆ ಬಿಸಿ ಮಾಡಿದ್ದನ್ನು ತಣಿಸಿ ಎರಡನ್ನೂ ಮೂಸುತ್ತೇವೆ. ಬಿಸಿಯಾದದ್ದರಲ್ಲಿ ಬೆಣ್ಣೆ ಬಂದರೆ ಬಿಯರ್ ಇನ್ನೂ ತಯಾರಿಲ್ಲ ಅಂತ ಅರ್ಥ. ಮಾಲೀಕರು ಎಷ್ಟೇ ಅವಸರ ಮಾಡಿದರೂ ಅಂಥ ಟ್ಯಾಂಕ್ ತೆರೆಯಬಾರದು.

ನೀವು ಬೆಣ್ಣೆ ಅಂದದ್ದು ಸರಿಯಾದ ಮಾತು. ಮೊಸರು ಕಡೆದು ತೆಗೆದ ಬೆಣ್ಣೆಯಲ್ಲೂ ಇರುವುದು ಇದೇ ಡೈಅಸಿಟೈಲ್. ಕಾವಲಿ ಮೇಲೆ ಬೆಣ್ಣೆದೋಸೆಗೆ ಚೆಂದ. ಲಾಗರ್‌ಗೆ ಬೇಡ.

@ಗಾಂಧಿಬಜಾರ್ ಸಂಜೆ, ನಿಮ್ಮ ಮಾತನ್ನು ತಳ್ಳಿಹಾಕುವುದಿಲ್ಲ ಸರ್. ಆದರೆ ಮೂಸಿದ್ದಕ್ಕೇ ಇವರ ನಡುವೆ ಅರ್ಧ ಗಂಟೆ ಮಾತು ಬೆಳೆದಿದೆ ನೋಡಿ.

ಹೊಲದ ಬದು

ಕಹಿ ಬೇರೆ, ಒಗರು ಬೇರೆ. ಅದರಲ್ಲಿ ಜಗಳ ಯಾಕೆ? ಹಾಗಲಕಾಯಿ ಕಹಿ, ಮೆಂತ್ಯ ಕಹಿ. ನೇರಳೆ ಹಣ್ಣು ಒಗರು, ಬಲಿಯದ ಬಾಳೆಕಾಯಿ ಒಗರು, ಹಸಿ ಅಡಿಕೆ ಒಗರು. ಕಹಿ ನಾಲಿಗೆಗೆ ಗೊತ್ತಾಗುತ್ತದೆ. ಒಗರು ಇಡೀ ಬಾಯಿಗೆ ಗೊತ್ತಾಗುತ್ತದೆ, ಒಸಡು ಹಿಡಿದುಕೊಳ್ಳುತ್ತದೆ, ಕೆನ್ನೆ ಒಳಗೆ ಒಣಗಿದ ಹಾಗಾಗುತ್ತದೆ. ನಾನು ಬಿಯರ್ ಕುಡಿದವಳಲ್ಲ, ಆದರೆ ಇಷ್ಟು ಹೇಳಬಲ್ಲೆ.

ಕೊಳಗ

ಅಕ್ಕಾ, ಕುಡಿಯದೆ ನೀವು ಹೇಳಿದ್ದು ನಮ್ಮ ಕೆಲಸದ ಅರ್ಧ ಪಾಠ.

ಕಹಿ ಬರುವುದು ಹಾಪ್ಸ್ ಅನ್ನುವ ಬಳ್ಳಿಯ ಹೂವಿನಿಂದ. ಒಳಗೆ ಹಳದಿ ಪುಡಿ ಇರುತ್ತದೆ, ಅದರಲ್ಲಿ ರಾಳ. ಬೆಲ್ಲದ ಪಾಕದಂಥ ಬಾರ್ಲಿ ರಸದ ಜೊತೆ ಒಂದು ಗಂಟೆ ಕುದಿಸಿದರೆ ಕಹಿ ಇಳಿಯುತ್ತದೆ. ಕೊನೆಯ ಐದು ನಿಮಿಷಕ್ಕೆ ಹಾಕಿದರೆ ಕಹಿ ಕಡಿಮೆ, ಘಮ ಜಾಸ್ತಿ. ಸಾರಿಗೆ ಮೆಣಸು ಮೊದಲು ಹಾಕಿ, ಕೊತ್ತಂಬರಿ ಸೊಪ್ಪನ್ನು ಇಳಿಸುವಾಗ ಹಾಕುವ ಹಾಗೆ.

ಒಗರು ಬರುವುದು ಬಾರ್ಲಿಯ ಹೊಟ್ಟಿನಿಂದ. ಕಾಳಿನಲ್ಲಿ ಉಳಿದ ಸಿಹಿ ಹೊರಡಿಸಲು ಮೇಲಿನಿಂದ ಬಿಸಿನೀರು ಸುರಿಯುತ್ತೇವೆ. ಆ ನೀರು 77-78 ಡಿಗ್ರಿ ದಾಟಿದರೆ, ಸಿಹಿ ಮುಗಿದ ಮೇಲೂ ಸುರಿಯುತ್ತಲೇ ಇದ್ದರೆ, ಹೊಟ್ಟಿನ ಟ್ಯಾನಿನ್ ಬಿಟ್ಟುಕೊಳ್ಳುತ್ತದೆ. ಚಹಾ ಸೊಪ್ಪು ಎರಡನೇ ಸಲ ಕುದಿಸಿದರೆ ಆಗುತ್ತದಲ್ಲ, ಹಾಗೆ. ಹಾಪ್ಸ್ ಎಲೆಯ ಭಾಗದಿಂದಲೂ ಸ್ವಲ್ಪ ಒಗರು ಬರುತ್ತದೆ. ಜಾಸ್ತಿ ಹಾಪ್ಸ್ ಹಾಕಿದ ಐಪಿಎಯಲ್ಲಿ ಎರಡೂ ಇರಬಹುದು. ಹಾಗಾಗಿ ನಿಮ್ಮ ಇಬ್ಬರು ಗೆಳೆಯರಲ್ಲಿ ಒಬ್ಬರೂ ಸೋತಿಲ್ಲ.

ಒಂದು ಗಮನಿಸಿ. ಇಂಗ್ಲಿಷ್‌ನಲ್ಲಿ ಬಿಯರ್ ಕಲಿಯುವವರಿಗೆ ಈ ವ್ಯತ್ಯಾಸವನ್ನು ಕೂರಿಸಿ ಕಲಿಸಬೇಕು. ನಮ್ಮಲ್ಲಿ ಎಂಟು ವರ್ಷದ ಮಗುವೂ ನೇರಳೆ ತಿಂದು ಒಗರು ಅನ್ನುತ್ತದೆ. ಇಂಥ ಮಾತು ಬಿಟ್ಟು ನಾವು ಫ್ರೂಟಿ, ಸ್ಮೂತ್ ಅಂತ ಯಾಕೆ ಹೇಳಬೇಕು?

ದಂಡು ಪ್ರದೇಶ

ಐಪಿಎ ಮಾತು ಬಂತಲ್ಲ, ಅದರ ಹೆಸರಲ್ಲೇ ನಾವಿದ್ದೇವೆ. ಇಂಡಿಯಾ ಪೇಲ್ ಏಲ್. ಹಡಗಿನಲ್ಲಿ ಕೆಡದಿರಲಿ ಅಂತ ಯಾರೋ ಒಬ್ಬರು ಹೊಸದಾಗಿ ಕಂಡುಹಿಡಿದರು ಅನ್ನುವ ಕಥೆ ಎಲ್ಲ ಕಡೆ ಓಡಾಡುತ್ತಿದೆ. ಅದು ಅಷ್ಟು ಸರಿಯಲ್ಲ. ಹಾಪ್ಸ್ ಜಾಸ್ತಿ ಹಾಕಿದ ಬಿಳಿಚು ಬಿಯರ್ ಇಂಗ್ಲೆಂಡಿನಲ್ಲಿ ಮೊದಲೇ ಇತ್ತು. ಲಂಡನ್ನಿನ ಪೂರ್ವದಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ಹಡಗು ನಿಲ್ಲುವ ಜಾಗಕ್ಕೆ ಹತ್ತಿರ, ಬೋ ಅನ್ನುವಲ್ಲಿ ಜಾರ್ಜ್ ಹಾಡ್ಜ್‌ಸನ್ ಅವರ ಬ್ರೂವರಿ ಇತ್ತು. 18ನೇ ಶತಮಾನದ ಕೊನೆಯಲ್ಲಿ ಹಡಗಿನ ಕಪ್ತಾನರು ಅಲ್ಲಿಂದ ಸಾಲಕ್ಕೆ ಬಿಯರ್ ತುಂಬಿಕೊಂಡು ಬಂದು ಇಲ್ಲಿ ಮಾರುತ್ತಿದ್ದರು. ತಿಂಗಳುಗಟ್ಟಲೆ ಪೀಪಾಯಿಯಲ್ಲಿ ಅಲುಗಾಡಿಕೊಂಡು ಬಂದ ಬಿಯರ್ ಹದವಾಗಿ ಮಾಗಿರುತ್ತಿತ್ತು. 1820ರ ದಶಕದಲ್ಲಿ ಇಂಗ್ಲೆಂಡಿನ ಬರ್ಟನ್ ಊರಿನವರು ಈ ವ್ಯಾಪಾರಕ್ಕೆ ಇಳಿದರು. ಅಲ್ಲಿನ ನೀರಿನಲ್ಲಿ ಜಿಪ್ಸಮ್ ಜಾಸ್ತಿ, ಅದು ಹಾಪ್ಸ್ ಕಹಿಯನ್ನು ಚೊಕ್ಕ ಮಾಡುತ್ತದೆ.

ಇನ್ನೊಂದು ವಿಷಯ ಜನಕ್ಕೆ ಗೊತ್ತಿಲ್ಲ. ಪೇಲ್ ಏಲ್ ಹೆಚ್ಚಾಗಿ ಸಾಹೇಬರ ಮೇಜಿಗೆ ಹೋಗುತ್ತಿತ್ತು. ಸಾಮಾನ್ಯ ಸಿಪಾಯಿಗಳಿಗೆ ಬರುತ್ತಿದ್ದದ್ದು ಪೋರ್ಟರ್ ಅನ್ನುವ ಕಪ್ಪು ಬಿಯರ್. ನಮ್ಮ ದಂಡು, ಅಂದರೆ ಬೆಂಗಳೂರಿನ ಕಂಟೋನ್ಮೆಂಟ್, ಶುರುವಾದದ್ದು 1809ರಲ್ಲಿ. ಅಲ್ಲಿಗೆ ಬೆಂಗಳೂರಿಗೂ ಬಿಯರಿಗೂ ನಂಟು ಎಷ್ಟು ಹಳೆಯದು ನೋಡಿ. 1915ರಲ್ಲಿ ಯುನೈಟೆಡ್ ಬ್ರೂವರೀಸ್ ಆಯಿತು. ಅವರ ಹಳೇ ಬ್ರೂವರಿ ಇದ್ದ ಜಾಗದಲ್ಲಿ ಈಗ ಯುಬಿ ಸಿಟಿ ನಿಂತಿದೆ. ಅದೇ ವಿಠಲ್ ಮಲ್ಯ ರಸ್ತೆಯಲ್ಲಿ 2011ರಲ್ಲಿ ದಿ ಬಿಯರ್ ಕ್ಲಬ್ ಸಣ್ಣ ತೊಟ್ಟಿಗಳಲ್ಲಿ ತಾಜಾ ಬಿಯರ್ ಮಾಡಲು ಶುರು ಮಾಡಿತು. ಇಂದಿರಾನಗರದ ಟಾಯ್ಟ್ ಕೂಡ ಅದೇ ಸುಮಾರಿನದು.

ರೆಗ್ನಿಟ್ಸ್ ದಂಡೆ

ಜರ್ಮನಿಯ ಬಾಂಬೆರ್ಗ್‌ನಿಂದ ಬರೆಯುತ್ತಿದ್ದೇನೆ. ಊರು ತೀರ್ಥಹಳ್ಳಿ ಕಡೆ.

ಇಲ್ಲಿನ ವಿಶೇಷ ರೌಖ್‌ಬಿಯರ್, ಹೊಗೆ ಬಿಯರು. ಮೊಳಕೆ ಬಂದ ಬಾರ್ಲಿಯನ್ನು ಬೀಚ್ ಮರದ ಬೆಂಕಿ ಮೇಲೆ ಒಣಗಿಸುತ್ತಾರೆ. ಹಿಂದೆ ಎಲ್ಲ ಕಡೆ ಸೌದೆ ಬೆಂಕಿಯಲ್ಲೇ ಒಣಗಿಸುತ್ತಿದ್ದರು, ಆಮೇಲೆ ಹೊಗೆ ತಾಗದ ಒಲೆ ಬಂದು ಪದ್ಧತಿ ಹೋಯಿತು. ಈ ಊರಿನ ಶ್ಲೆಂಕರ್ಲಾ ಮತ್ತು ಸ್ಪೆಟ್ಸಿಯಾಲ್ ಅನ್ನುವ ಎರಡು ಬ್ರೂವರಿಯವರು ಬಿಡಲಿಲ್ಲ.

ಮೊದಲ ದಿನ ಜೊತೆಯ ಕೆಲಸದವರು ಶ್ಲೆಂಕರ್ಲಾಗೆ ಕರೆದುಕೊಂಡು ಹೋದರು. ಹೊರಗೆ ಹಿಮ. ಮರದ ಪೀಪಾಯಿಯಿಂದ ಕಪ್ಪು ಕಂದು ಬಿಯರ್ ಸುರಿದು ಕೊಟ್ಟರು. ಅವರೆಲ್ಲ ಹೊಗೆ ಹಾಕಿದ ಹಂದಿಮಾಂಸದ ವಾಸನೆ ಅಂದರು. ನನಗೆ ಬಂದದ್ದು ಅಜ್ಜನ ಮನೆ ಬಚ್ಚಲೊಲೆ. ಮಳೆಗಾಲದ ಬೆಳಗ್ಗೆ ಒದ್ದೆ ಸೌದೆ ಹಾಕಿ ಊದುತ್ತಿದ್ದಾಗ ಹಂಡೆ ಸುತ್ತ ತುಂಬಿಕೊಳ್ಳುತ್ತಿದ್ದ ಹೊಗೆ, ಒಲೆ ಮೇಲೆ ಒಣಗಲು ಹಾಕಿದ ಅಡಿಕೆ ಹಾಳೆ, ಎಲ್ಲ ಒಟ್ಟಿಗೆ ಬಂತು. ಕಣ್ಣಲ್ಲಿ ನೀರು ಬಂತು, ಹೊಗೆಯಿಂದಲ್ಲ. ಏನಾಯಿತು ಅಂತ ಕೇಳಿದರು. ಬಚ್ಚಲೊಲೆಗೆ ಜರ್ಮನ್‌ನಲ್ಲಿ ಏನು ಹೇಳಬೇಕೋ ಗೊತ್ತಾಗಲಿಲ್ಲ. ಫೋನಿನಲ್ಲಿ ಹಂಡೆಯ ಫೋಟೋ ತೋರಿಸಿದೆ.

ನಾಲ್ಕನೇ ಬ್ಲಾಕ್ ಅವರೇ, ನಿಮ್ಮ ಎರಡನೇ ನಿಯಮ ಬಹಳ ಒಳ್ಳೆಯದು.

ತೋಟದ ದಾರಿ

ಮೂಸಿದವನು ನಾನೇ. ಗೆಳೆಯ ಹೇಳಿ ಇಲ್ಲಿಗೆ ಬಂದೆ.

ಕಪ್ಪಿಂಗ್‌ನಲ್ಲಿ ನಾವು ಮಾಡುವುದು ಹೀಗೆ. ಪುಡಿ ಮೇಲೆ ಬಿಸಿನೀರು ಹಾಕಿ ನಾಲ್ಕು ನಿಮಿಷ ಬಿಡುತ್ತೇವೆ. ಮೇಲೆ ಪದರ ಕಟ್ಟುತ್ತದೆ. ಚಮಚದಿಂದ ಆ ಪದರ ಒಡೆಯುವಾಗ ಮೂಗು ಬಟ್ಟಲಿಗೆ ತಾಗುವಷ್ಟು ಹತ್ತಿರ ಇರಬೇಕು. ಮೊದಲು ಹೊಳೆದ ಮಾತೇ ಬರೆದುಕೊಳ್ಳಬೇಕು. ಯೋಚಿಸಿದರೆ ಓದಿದ ಮಾತು ಬರುತ್ತದೆ, ಮೂಗಿನ ಮಾತು ಬರುವುದಿಲ್ಲ. ಶನಿವಾರವೂ ಹಾಗೇ ಮಾಡಿದೆ. ಗ್ಲಾಸನ್ನು ಅಂಗೈಯಿಂದ ಮುಚ್ಚಿ, ಸ್ವಲ್ಪ ತಿರುಗಿಸಿ, ಕೈ ತೆಗೆದ ತಕ್ಷಣ ಮೂಸಿದೆ.

ಒಂದು ತೊಂದರೆ ಇತ್ತು. ಬಿಯರ್ ತುಂಬಾ ತಣ್ಣಗೆ ಬಂದಿತ್ತು. ಹತ್ತು ನಿಮಿಷ ಮೇಜಿನ ಮೇಲೆ ಬಿಟ್ಟ ಮೇಲೆಯೇ ಸ್ಟೌಟ್ ಬಾಯಿಬಿಟ್ಟದ್ದು. ಪಕ್ಕದಲ್ಲಿ ಕಾಂಗ್ರೆಸ್ ಕಡ್ಲೆಬೀಜ ಬೇರೆ ಇಟ್ಟಿದ್ದರು. ಇಂಗು, ಖಾರ, ಕರಿಬೇವು. ಅದರ ಮುಂದೆ ಯಾವ ವಾಸನೆ ನಿಲ್ಲುತ್ತದೆ? ಮುಂದಿನ ಸಲ ಬರೀ ಪುರಿ, ಬರೀ ನೀರು. ಕಡ್ಲೆಬೀಜ ಆಮೇಲೆ.

ಕೊಳಗ ಸರ್, ಸ್ಟೌಟ್‌ನಲ್ಲಿ ಕಾಫಿ ಇಲ್ಲ ಅಂದರೆ ಆ ವಾಸನೆ ಹೇಗೆ?

ಕೊಳಗ

ನೀವು ಬೀಜ ಹುರಿಯುತ್ತೀರಿ, ನಾವು ಬಾರ್ಲಿ ಹುರಿಯುತ್ತೇವೆ. ಒಳಗೆ ನಡೆಯುವುದು ಹೆಚ್ಚುಕಡಿಮೆ ಒಂದೇ. ಇಂಗ್ಲೆಂಡಿನಲ್ಲಿ ಡೇನಿಯಲ್ ವೀಲರ್ 1817ರಲ್ಲಿ ತಿರುಗುವ ಡ್ರಮ್ಮಿನಲ್ಲಿ ಮಾಲ್ಟ್, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ, ಹುರಿಯುವುದಕ್ಕೆ ಪೇಟೆಂಟ್ ತೆಗೆದುಕೊಂಡರು. ಕಾಫಿ ಹುರಿಯುವ ಡ್ರಮ್ಮಿನ ಜಾತಿಯದೇ. ಅಂಥ ಕಪ್ಪು ಮಾಲ್ಟ್ ಸ್ವಲ್ಪ ಹಾಕಿದರೂ ಇಡೀ ಬಿಯರ್ ಕಪ್ಪಾಗುತ್ತದೆ. ಹಾಗಾಗಿ ಬಣ್ಣ ನೋಡಿ ಗಟ್ಟಿ ಬಿಯರ್ ಅಂದುಕೊಳ್ಳಬೇಡಿ. ಎಷ್ಟೋ ಸ್ಟೌಟ್‌ಗಳಲ್ಲಿ ಆಲ್ಕೋಹಾಲ್ 4-5 ಶೇಕಡ ಮಾತ್ರ.

ಕಡಲತಡಿ

ನಮ್ಮ ಕರಾವಳಿಯಲ್ಲಿ ಕಳ್ಳು ಇಳಿಸುವ ಕಡೆ ಈ ವಾಸನೆ ಮಾತು ಹಳೆಯದು. ಬೆಳಗ್ಗೆ ಇಳಿಸಿದ್ದು ಸಿಹಿ, ಮಧ್ಯಾಹ್ನಕ್ಕೆ ಚುರುಕು, ಸಂಜೆಗೆ ಹುಳಿ. ಮರದಲ್ಲೇ ಸಕ್ಕರೆ ಇರುತ್ತದೆ, ಗಾಳಿಯ ಯೀಸ್ಟ್ ಸೇರುತ್ತದೆ, ಕುದಿಸುವುದಿಲ್ಲ. ಬಿಯರಿಗೆ ಯಾಕೆ ಇಷ್ಟು ಕೆಲಸ?

ಹೊಲದ ಬದು

ಕಾಳಿನಲ್ಲಿ ಸಕ್ಕರೆ ಇಲ್ಲ, ಹಿಟ್ಟಿದೆ. ಮೊಳಕೆ ಬಂದರೆ ತಾನೇ ಹಿಟ್ಟು ಸಿಹಿಯಾಗುವುದು? ನಮ್ಮಮ್ಮ ಮಕ್ಕಳಿಗೆ ರಾಗಿ ಮಾಲ್ಟ್ ಮಾಡುತ್ತಿದ್ದದ್ದು ಹಾಗೇ. ರಾಗಿಯನ್ನು ಮೂರು ನೀರಿನಲ್ಲಿ ತೊಳೆದು ರಾತ್ರಿ ನೆನೆಹಾಕುತ್ತಿದ್ದಳು. ಬೆಳಗ್ಗೆ ಹಳೇ ಪಂಚೆಯಲ್ಲಿ ಗಂಟು ಕಟ್ಟಿ, ಮೇಲೆ ಒರಳುಕಲ್ಲಿನ ಗುಂಡು ಇಡುತ್ತಿದ್ದಳು. ಮಾರನೇ ದಿನ ಗಂಟಿನೊಳಗೆ ಕೈಹಾಕಿದರೆ ಬೆಚ್ಚಗೆ. ಬಿಚ್ಚಿದರೆ ಬಟ್ಟೆ ತುಂಬ ಬಿಳಿ ಬೇರು, ನೂಲಿನ ಹಾಗೆ ಹೆಣೆದುಕೊಂಡಿರುತ್ತಿತ್ತು. ನೆರಳಲ್ಲಿ ಒಣಗಿಸಿ, ಬೇರು ಉಜ್ಜಿ ತೆಗೆದು, ಘಮ್ ಅನ್ನುವವರೆಗೆ ಹುರಿದು ಬೀಸಬೇಕು. ಮಾಲ್ಟ್ ಅಂದರೆ ನಮಗೆ ಮೊದಲಿಂದಲೂ ಇದೇ.

ಕೊಳಗ

ಅಕ್ಕ ಹೇಳಿದ್ದಕ್ಕೆ ನಾನು ಸೇರಿಸುವುದು ಸ್ವಲ್ಪವೇ. ಬಾರ್ಲಿ ಮಾಲ್ಟ್ ಮಾಡುವುದೂ ಅದೇ ಕ್ರಮದಲ್ಲಿ: ನೆನೆಸು, ಮೊಳೆಸು, ಒಣಗಿಸು. ಗಂಟಿನ ಬದಲು ದೊಡ್ಡ ಅಂಕಣ, ಅಷ್ಟೇ. ರಾಗಿ ಹಾಕಿ ನಾನೂ ಮಾಡಿದ್ದೇನೆ. ಕಾಳು ಸಣ್ಣದು, ಬಾರ್ಲಿಯ ಹಾಗೆ ಹೊಟ್ಟಿಲ್ಲ, ಸೋಸುವಾಗ ಅಂಬಲಿಯಂತೆ ಕಟ್ಟಿಕೊಳ್ಳುತ್ತದೆ. ಅದಕ್ಕೆ ಬಾರ್ಲಿ ಜೊತೆಗೆ ಬೆರೆಸಿ, ನೀರು ಇಳಿಯಲಿ ಅಂತ ಭತ್ತದ ಹೊಟ್ಟು ಸೇರಿಸುತ್ತೇವೆ. ಆ ಬಿಯರಿನಲ್ಲಿ ನನಗೆ ಹುರಿಟ್ಟಿಗೆ ಬೆಲ್ಲ ಕಲಸಿದ ರುಚಿ ಬಂತು.

ಬಾಳೆಹಣ್ಣಿನ ವಿಷಯ ಉಳಿದಿತ್ತು. ಅದು ಯೀಸ್ಟ್ ಮಾಡುವ ಐಸೋಅಮೈಲ್ ಅಸಿಟೇಟ್. ಹಣ್ಣಾದ ಬಾಳೆಯಲ್ಲಿ ಇರುವ ವಸ್ತುವೇ. ಒಳಗೆ ಬಾಳೆ ಒಂದು ಚೂರೂ ಇಲ್ಲ. ಬಿಸಿಯಲ್ಲಿ ಹುದುಗಿಸಿದರೆ ಬಾಳೆ ಎದ್ದು ಕಾಣುತ್ತದೆ, ಸ್ವಲ್ಪ ತಣ್ಣಗಿದ್ದರೆ ಅದರ ಹಿಂದಿನ ಲವಂಗ ಮುಂದೆ ಬರುತ್ತದೆ. ಯಾವ ತಳಿಯ ಬಾಳೆ ಅಂತ ನನಗೂ ತಿಳಿಯಬೇಕು. ಹಣ್ಣು ಪಕ್ಕದಲ್ಲಿಟ್ಟು ನೋಡಿ ಹೇಳಿ.

ಗಾಂಧಿಬಜಾರ್ ಸಂಜೆ

ಎಲ್ಲ ಓದಿದೆ. ನಿನ್ನೆ ಮನೆಯಲ್ಲಿ ಬಿಯರನ್ನು ಮೊದಲ ಸಲ ಗ್ಲಾಸಿಗೆ ಬಗ್ಗಿಸಿ ಮೂಸಿದೆ. ಬಿಸಿಲಿನಲ್ಲಿ ಕಾರಿನೊಳಗೆ ಉಳಿದುಹೋಗಿದ್ದ ಹಸಿರು ಬಾಟಲಿ. ಏನೋ ಕಮಟು ವಾಸನೆ, ಒದ್ದೆ ನಾಯಿ ಮೈಯಂತೆ. ಇದು ಏನು?

ಕೊಳಗ

ಬೆಳಕು ತಾಗಿದೆ ಸರ್. ಹಾಪ್ಸ್‌ನ ಕಹಿ ವಸ್ತು ಬೆಳಕಿಗೆ ಒಡೆದು ಗಂಧಕದ ವಾಸನೆ ಮಾಡುತ್ತದೆ. ಕಂದು ಬಾಟಲಿ ತಡೆಯುತ್ತದೆ, ಹಸಿರು ಅಷ್ಟು ತಡೆಯುವುದಿಲ್ಲ. ಬಾಟಲಿಯಲ್ಲೇ ಕುಡಿದಿದ್ದರೆ ಅಷ್ಟು ಗೊತ್ತಾಗುತ್ತಿರಲಿಲ್ಲ. ಮುಂದಿನ ಶನಿವಾರ ಬಿಡುವಿದ್ದರೆ ನಾಲ್ಕನೇ ಬ್ಲಾಕ್ ಅವರ ಜೊತೆ ಹೋಗಿ ಬನ್ನಿ.

ನಾಲ್ಕನೇ ಬ್ಲಾಕ್

ಈ ಶನಿವಾರ ಮತ್ತೆ ಹೋಗಿದ್ದೆವು, ಬೇರೆ ಕಡೆ. ಗಾಂಧಿಬಜಾರಿನವರೂ ಬಂದಿದ್ದರು, ಒಟ್ಟು ಐದು ಜನ. ಮ್ಯಾನೇಜರನ್ನು ಮೊದಲೇ ಕೇಳಿ ಹಣ್ಣು ತೆಗೆದುಕೊಂಡು ಹೋದೆವು. ಏಲಕ್ಕಿ ಬಾಳೆ, ಪಚ್ಚಬಾಳೆ, ನಂಜನಗೂಡು ರಸಬಾಳೆ, ಒಂದು ದೇವನಹಳ್ಳಿ ಚಕ್ಕೋತ. ಪುರಿ ತಂದಿದ್ದೆವು. ಬಿಯರನ್ನು ಹತ್ತು ನಿಮಿಷ ಹಾಗೇ ಬಿಟ್ಟೆವು.

ಗೋಧಿ ಬಿಯರು ಪಚ್ಚಬಾಳೆ. ಸಿಪ್ಪೆ ಮೇಲೆ ಕಪ್ಪು ಚುಕ್ಕೆ ಬಂದ, ಕೈಯಲ್ಲಿ ಮೆತ್ತಗಾದ ಪಚ್ಚಬಾಳೆ. ಐದರಲ್ಲಿ ನಾಲ್ಕು ಜನ ಒಪ್ಪಿದೆವು, ನಾನೂ ಮಾತು ಬದಲಿಸಿದೆ. ಏಲಕ್ಕಿ ಬಾಳೆಯಲ್ಲಿ ಒಂದು ಹುಳಿ ಇದೆ, ಅದು ಗ್ಲಾಸಿನಲ್ಲಿಲ್ಲ. ಕಾಫಿ ಗೆಳೆಯ ಮಾತ್ರ ಕೊನೆಗೆ ರಸಬಾಳೆಯ ಒಂದು ಎಳೆ ಬರುತ್ತದೆ ಅಂದ. ನಮಗೆ ಸಿಗಲಿಲ್ಲ.

ಐಪಿಎಗೆ ಚಕ್ಕೋತ ಕತ್ತರಿಸಿದೆವು. ಅಮೆರಿಕದ ಕ್ಯಾಸ್ಕೇಡ್ ಹಾಪ್ಸ್ ಹಾಕಿದ್ದಾರೆ ಅಂತ ಅಲ್ಲಿನವರು ಹೇಳಿದರು. ಅದಕ್ಕೆ ಎಲ್ಲ ಕಡೆ ಗ್ರೇಪ್‌ಫ್ರೂಟ್ ವಾಸನೆ ಅಂತ ಬರೆದಿರುತ್ತಾರೆ. ಗ್ರೇಪ್‌ಫ್ರೂಟ್ ನಮ್ಮ ಮನೆಗಳಿಗೆ ಯಾವತ್ತು ಬಂದಿದೆ? ಆದರೆ ಅದು ಹುಟ್ಟಿದ್ದೇ ಚಕ್ಕೋತ ಮತ್ತು ಕಿತ್ತಳೆಯ ಬೆರಕೆಯಿಂದ. ಹೊರಗಿನ ಹಸಿರು ಸಿಪ್ಪೆಯನ್ನು ಬೆರಳಲ್ಲಿ ಮಡಚಿದಾಗ ಸಣ್ಣ ಹನಿ ಚಿಮ್ಮಿತು. ಗಾಂಧಿಬಜಾರಿನವರು ಬೆರಳು ಮೂಸಿದರು, ಗ್ಲಾಸು ಮೂಸಿದರು, ಮತ್ತೆ ಬೆರಳು ಮೂಸಿದರು. "ಎರಡೂ ಒಂದೇ ಕಣ್ರೀ" ಅಂದರು. ಒಳಗಿನ ಬಿಳಿ ತಿರುಳು ಕಚ್ಚಿದರೆ ಕಹಿ, ತೊಳೆಯ ಸಿಪ್ಪೆ ಅಗಿದರೆ ಒಗರು. ಹಳೇ ಜಗಳ ಅಲ್ಲಿಗೆ ಮುಗಿಯಿತು.

ಮುಂದಿನ ಸಲಕ್ಕೆ ಬಚ್ಚಲೊಲೆ ಹೊಗೆಯ ಮಾಲ್ಟ್ ಎಲ್ಲಾದರೂ ಸಿಗುತ್ತದಾ, ಕೊಳಗ ಸರ್?

ಕೊಳಗ

ಬೀಚ್ ಮರದ ಹೊಗೆ ಹಾಕಿದ ಮಾಲ್ಟ್ ಬಾಂಬೆರ್ಗ್‌ನಿಂದಲೇ ಬರುತ್ತದೆ. ಒಂದು ಚೀಲ ತರಿಸುವ ಮಾತು ನಡೆದಿದೆ. ಮ್ಯಾಶ್ ಮಾಡುವ, ಅಂದರೆ ಮಾಲ್ಟ್ ಪುಡಿಗೆ ಬಿಸಿನೀರು ಬೆರೆಸುವ ದಿನ ಬೆಳಗ್ಗೆ ಆರಕ್ಕೆ ಬನ್ನಿ, ಬಿಸಿನೀರು ಬಿದ್ದ ಮೊದಲ ಹತ್ತು ನಿಮಿಷದ ಹಬೆ ಮೂಸಬೇಕು. ತೋಟದ ದಾರಿಯವರು ಬರಲೇಬೇಕು.

ತೋಟದ ದಾರಿ

ರಾತ್ರಿ ಬಸ್ಸಿಗೆ ಬರುತ್ತೇನೆ. ಮನೆಯ ಹೇರಳೆಕಾಯಿ ಎರಡು ತರುತ್ತೇನೆ, ಮುಂದಿನ ಐಪಿಎ ಪಕ್ಕ ಇಟ್ಟು ನೋಡೋಣ.